ಅಟ್ಟಕ್ಕೆ ಕಾಗದದ ಹೊದಿಕೆ

ಸಂಜೆ ಏಳಕ್ಕೆ ಹೊರಗೆ ಬಂದು ನಿಂತರೆ ತಣ್ಣನೆ ಗಾಳಿ. ಒಳಗೆ ಮಲಗುವ ಕೋಣೆಗೆ ಕಾಲಿಟ್ಟರೆ ನೆತ್ತಿಯ ಮೇಲೆ ಯಾರೋ ಕಾದ ಕಾವಲಿ ಹಿಡಿದ ಹಾಗೆ. ಎಸಿ ಮಧ್ಯಾಹ್ನದಿಂದ ಒಂದೇ ಸಮ ಓಡುತ್ತಿರುತ್ತಿತ್ತು. ಗೋಡೆಯ ಮೇಲಿನ ಡಿಸ್‌ಪ್ಲೇ 28 ಅಂತ ತೋರಿಸುತ್ತಿತ್ತು. ಆದರೂ ಮೈಗೆ ಸೆಕೆ. ಎಸಿ ಹಳೆಯದಾಯಿತು, ಇನ್ನೂ ದೊಡ್ಡದು ತರೋಣ ಅಂತ ಇವರು ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ನಾನೂ ಹೂಂ ಅನ್ನುತ್ತಲೇ ಇದ್ದೆ.

ಗುಟ್ಟು ಬಿಚ್ಚಿಟ್ಟಿದ್ದು ಮಗ. ಅವನ ಹತ್ತಿರ ಕಾಲೇಜಿನ ಪ್ರಾಜೆಕ್ಟಿಗೆ ತಂದ ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು. ಪಿಸ್ತೂಲಿನ ಹಾಗೆ ಗುರಿ ಹಿಡಿದು ಗುಂಡಿ ಒತ್ತಿದರೆ ಎದುರಿನ ವಸ್ತು ಎಷ್ಟು ಬಿಸಿ ಅಂತ ಹೇಳುತ್ತದೆ. ಒಂದು ಮಧ್ಯಾಹ್ನ ನಾಲ್ಕಕ್ಕೆ ಸುಮ್ನೆ ಆಟಕ್ಕೆ ಅಂತ ಗೋಡೆಗೆ ಹಿಡಿದ. 30. ನೆಲಕ್ಕೆ ಹಿಡಿದ. 29. ಸೀಲಿಂಗಿಗೆ ಹಿಡಿದ. 36. ಮೂಲೆಯಲ್ಲಿ ಒಂದು ಕಡೆ 40! "ಅಮ್ಮಾ, ನೀನು ದಿನಾ ಒಲೆ ಕೆಳಗೆ ಮಲಗ್ತಿದ್ದೀಯ" ಅಂದ.

ವಿಷಯ ಅಷ್ಟೇ. ಕೋಣೆಯ ಗಾಳಿ ತಣ್ಣಗಾಗಿತ್ತು, ಸೀಲಿಂಗ್ ತಣ್ಣಗಾಗಿರಲಿಲ್ಲ. ಬಿಸಿ ಸೀಲಿಂಗ್ ನೇರ ಮೈಗೆ ಝಳ ಬೀರುತ್ತಿತ್ತು. ಬೆಂಕಿಯ ಮುಂದೆ ಕೂತರೆ ಗಾಳಿ ತಣ್ಣಗಿದ್ದರೂ ಮುಖ ಸುಡುತ್ತದಲ್ವಾ, ಹಾಗೆ. ಎಸಿ ಎಷ್ಟು ದೊಡ್ಡದು ತಂದರೂ ಮೇಲಿನ ಒಲೆ ಆರುವುದಿಲ್ಲ.

ನಮ್ಮದು ಇಳಿಜಾರು ಮಾಡಿನ ಮನೆ. ಮಾಡಿಗೂ ಜಿಪ್ಸಂ ಸೀಲಿಂಗಿಗೂ ನಡುವೆ ಅಟ್ಟ. ನಡುವಿನಲ್ಲಿ ಬಗ್ಗಿ ನಿಲ್ಲಬಹುದು, ಸೂರಿನ ಕಡೆ ಹೋಗುತ್ತಾ ತೆವಳಬೇಕು. ಹಜಾರದ ಸೀಲಿಂಗಿನಲ್ಲಿ ಒಂದು ಚೌಕದ ಮುಚ್ಚಳ, ಅದೇ ದಾರಿ. ಮನೆ ಕಟ್ಟಿದ ಮೇಲೆ ನಾವ್ಯಾರೂ ಅಲ್ಲಿಗೆ ಹತ್ತಿದ್ದೇ ಇಲ್ಲ. ಮರುದಿನ ಮೂರು ಗಂಟೆಗೆ ಏಣಿ ಹಾಕಿ ಮುಚ್ಚಳ ಸರಿಸಿ ತಲೆ ತೂರಿಸಿದೆ. ಕನ್ನಡಕ ತಕ್ಷಣ ಬಿಸಿಯಾಯಿತು. ಮಗ ಕೊಟ್ಟಿದ್ದ ಸಾದಾ ಥರ್ಮಾಮೀಟರನ್ನು ಒಂದು ಜಂತಿಗೆ ನೇತುಹಾಕಿ ಇಳಿದುಬಿಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ 56 ಡಿಗ್ರಿ.

ಅಲ್ಲಿ ಇನ್ಸುಲೇಶನ್, ಅಂದರೆ ಶಾಖ ತಡೆಯುವ ಹೊದಿಕೆ, ಇರಲೇ ಇಲ್ಲ ಅಂತಲ್ಲ. ಜಂತಿಗಳ ನಡುವೆ ಹಳದಿ ಗಾಜಿನ ಉಣ್ಣೆಯ ಪಟ್ಟಿ ಹಾಸಿದ್ದರು. ಅದು ಎಂದೋ ಚಪ್ಪಟೆಯಾಗಿ ಎರಡು ಇಂಚೂ ಉಳಿದಿರಲಿಲ್ಲ. ವೈರಿಂಗ್‌ನವರು ಒಂದು ಕಡೆ ಎತ್ತಿ ಬಿಸಾಡಿದ್ದರು, ಇಲಿಗಳು ಇನ್ನೊಂದು ಕಡೆ ಗೂಡು ಮಾಡಿದ್ದವು. ಮಗನ ಮೀಟರಿನಲ್ಲಿ 40 ಬಂದ ಮೂಲೆಯ ಮೇಲೆ ಏನೂ ಇರಲಿಲ್ಲ, ಬರೀ ಜಿಪ್ಸಂ ಹಲಗೆ.

ಆ ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ಲೆಕ್ಕ ಕಷ್ಟದ್ದೇನಲ್ಲ. ಸೀಲಿಂಗಿನ ವಿಸ್ತೀರ್ಣವನ್ನು ಮೇಲಿನ ಮತ್ತು ಕೆಳಗಿನ ತಾಪದ ವ್ಯತ್ಯಾಸದಿಂದ ಗುಣಿಸಿ, ಆರ್ ಮೌಲ್ಯದಿಂದ ಭಾಗಿಸಿದರೆ ಎಷ್ಟು ವಾಟ್ ಶಾಖ ಇಳಿಯುತ್ತದೆ ಅಂತ ಸಿಗುತ್ತದೆ. ಆರ್ ಅಂದರೆ ಶಾಖಕ್ಕೆ ಒಡ್ಡುವ ತಡೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು. ನಮ್ಮ ಮನೆ ಸುಮಾರು 93 ಚದರ ಮೀಟರ್, ಅಂದರೆ 1,000 ಚದರ ಅಡಿ. ಅಟ್ಟ 55, ಕೋಣೆ 28, ವ್ಯತ್ಯಾಸ 27. ಬರೀ ಜಿಪ್ಸಂ ಹಲಗೆ, ಅದರ ಎರಡೂ ಬದಿಯ ನಿಂತ ಗಾಳಿ ಸೇರಿಸಿದರೂ ಆರ್ 0.4 ಆದೀತು. ಆಗ ಇಳಿಯುವ ಶಾಖ 6,000 ವಾಟ್‌ಗೂ ಮೇಲೆ. ಒಂದು ಟನ್ನಿನ ಎಸಿ ಹೊರಹಾಕುವುದು 3,500 ವಾಟ್. ಅಂದರೆ ಹೆಚ್ಚೂಕಮ್ಮಿ ಎರಡು ಟನ್ ಬರೀ ಸೀಲಿಂಗಿಗೇ ಬೇಕು! ಅದೇ ಆರ್ 6.7 ಇದ್ದರೆ ಇಳಿಯುವುದು 375 ವಾಟ್. ಒಂದು ಚಿಕ್ಕ ಮಿಕ್ಸಿಯಷ್ಟು.

ಇಲ್ಲೊಂದು ಗೊಂದಲ ಇದೆ, ನಾನೂ ಎಡವಿದ್ದೆ. ಇನ್ಸುಲೇಶನ್ ತುಂಬಿ ಬರುವ ಕೆಲವು ಚೀಲಗಳ ಮೇಲೆ ಆರ್-38 ಅಂತ ಇರುತ್ತದೆ, ಕೆಲವದರ ಮೇಲೆ ಆರ್ 6.7 ಅಂತ. ಎರಡೂ ಒಂದೇ. ಮೊದಲನೆಯದು ಅಡಿ, ಫ್ಯಾರನ್‌ಹೀಟ್ ಲೆಕ್ಕ. ಎರಡನೆಯದು ಮೀಟರ್, ಸೆಲ್ಸಿಯಸ್ ಲೆಕ್ಕ. ದೊಡ್ಡ ಅಂಕಿಯನ್ನು 5.68ರಿಂದ ಭಾಗಿಸಿದರೆ ಚಿಕ್ಕದು ಬರುತ್ತದೆ. ಬಿಸಿ ಪ್ರದೇಶದ ಅಟ್ಟಕ್ಕೆ ದೊಡ್ಡ ಲೆಕ್ಕದಲ್ಲಿ 30ರಿಂದ 49ರವರೆಗೆ ಹೇಳುವುದು ರೂಢಿ. ನಾವು 38ಕ್ಕೆ ನಿಂತೆವು.

ಹಳೆಯ ಪಟ್ಟಿಯ ಬದಲು ಹೊಸ ಪಟ್ಟಿಯನ್ನೇ ಹಾಸಬಹುದಿತ್ತು. ಆದರೆ ನಮ್ಮ ಅಟ್ಟದ ತುಂಬ ವೈರು, ಪೈಪು, ಅಡ್ಡಪಟ್ಟಿ. ಒಂದೊಂದಕ್ಕೂ ಪಟ್ಟಿ ಕತ್ತರಿಸಿ ಕೂರಿಸಬೇಕು. ಕತ್ತರಿಸಿದ ಕಡೆಯೆಲ್ಲ ಸಂದು. ಅದಕ್ಕೇ ಊದಿ ತುಂಬುವ ಇನ್ಸುಲೇಶನ್ ಕಡೆ ಮನಸ್ಸು ಹೋಯಿತು. ಮಷೀನು ಚೀಲದ ಸರಕನ್ನು ಹಿಂಜಿ, ಗಾಳಿಯ ಜೊತೆ ಪೈಪಿನಲ್ಲಿ ತಳ್ಳುತ್ತದೆ. ಅದು ಹಿಮದ ಹಾಗೆ ಉದುರಿ, ವೈರಿನ ಕೆಳಗೂ ಸುತ್ತಲೂ ತಾನೇ ತುಂಬಿಕೊಳ್ಳುತ್ತದೆ. ಸರಕು ಮುಖ್ಯವಾಗಿ ಎರಡು ಬಗೆ. ಒಂದು ಬಿಡಿ ಗಾಜಿನ ಉಣ್ಣೆ, ಹಗುರ, ಇಂಚಿಗೆ ಆರ್-2.5ರ ಆಸುಪಾಸು. ಇನ್ನೊಂದು ಸೆಲ್ಯುಲೋಸ್, ಅಂದರೆ ಹಳೆ ಪತ್ರಿಕೆ ಹಿಂಜಿ ಬೋರೇಟ್ ಉಪ್ಪು ಬೆರೆಸಿದ್ದು. ಇದು ಇಂಚಿಗೆ 3.5ರಷ್ಟು, ತೂಕ ಜಾಸ್ತಿ, ದಿನ ಕಳೆದಂತೆ ಸ್ವಲ್ಪ ಕುಸಿಯುತ್ತದೆ.

"ಕಾಗದಾನಾ? ಅಟ್ಟದಲ್ಲಿ ಕಾಗದ ತುಂಬಿಸ್ತಾರಾ ಯಾರಾದ್ರೂ?" ಅಂತ ಇವರು ಹುಬ್ಬೇರಿಸಿದರು. ಅನುಮಾನ ನ್ಯಾಯವೇ. ಮಾದರಿಗೆ ಕೊಟ್ಟ ಒಂದು ಮುಷ್ಟಿಯನ್ನು ಅಂಗಳದಲ್ಲಿ ಕಲ್ಲಿನ ಮೇಲಿಟ್ಟು ಲೈಟರ್ ಹಿಡಿದೆವು. ಜ್ವಾಲೆ ತಾಗಿದ ಕಡೆ ಕಪ್ಪಾಯಿತು, ಹೊಗೆ ಬಂತು, ಲೈಟರ್ ತೆಗೆದ ಮೇಲೆ ಉರಿ ಹಬ್ಬಲಿಲ್ಲ. ಅದು ಬೋರೇಟಿನ ಕೆಲಸ. ಹುಳಹುಪ್ಪಟೆಗೂ ಅದು ಆಗಿಬರುವುದಿಲ್ಲ. ಆದರೂ ಕಾದ ವಸ್ತುವಿಗೆ ಅಂಟಿಕೊಂಡೇ ಇದ್ದರೆ ಒಳಗೊಳಗೇ ಹೊಗೆಯಾಡಬಹುದು. ಅದಕ್ಕೆ ದೀಪದ ಹತ್ತಿರ ಜಾಗ ಬಿಡಬೇಕು. ಆ ಕಥೆ ಮುಂದೆ ಬರುತ್ತದೆ.

ಮೊದಲು ನೋಡಲು ಬಂದವರು ಅಟ್ಟಕ್ಕೆ ಹತ್ತಲೇ ಇಲ್ಲ. ಕೆಳಗಿನಿಂದಲೇ ಟಾರ್ಚ್ ಹಾಕಿ, "ಹನ್ನೆರಡು ಇಂಚು ಊದಿಬಿಡ್ತೀವಿ ಮೇಡಂ, ಅರ್ಧ ದಿನದ ಕೆಲಸ" ಅಂದರು. ಎಷ್ಟು ಚೀಲ ಬೇಕು ಅಂತ ಕೇಳಿದೆ. "ಚೀಲ ನಿಮಗ್ಯಾಕೆ? ಇಂಚು ನೋಡ್ಕೊಳ್ಳಿ." ಅಲ್ಲೇ ನನಗೆ ಕಸಿವಿಸಿ ಆಯಿತು. ಮಷೀನಿನಲ್ಲಿ ಗಾಳಿ ಜಾಸ್ತಿ ಬಿಟ್ಟು ಸರಕು ಕಮ್ಮಿ ಹಾಕಿದರೂ ಹನ್ನೆರಡು ಇಂಚು ಬರುತ್ತದೆ. ನೊರೆ ಹಾಲು ಅಳೆದ ಹಾಗೆ. ಕೆಲವೇ ತಿಂಗಳಲ್ಲಿ ಅದು ಕೂತು ಎಂಟೋ ಏಳೋ ಇಂಚಾಗುತ್ತದೆ. ಪ್ರತಿ ಚೀಲದ ಮೇಲೂ ಒಂದು ಪಟ್ಟಿ ಅಚ್ಚಾಗಿರುತ್ತದೆ: ಇಂಥ ಆರ್ ಬೇಕಾದರೆ ಇಷ್ಟು ಜಾಗಕ್ಕೆ ಇಷ್ಟು ಚೀಲ, ಊದಿದಾಗ ಇಷ್ಟು ದಪ್ಪ, ಕೂತ ಮೇಲೆ ಇಷ್ಟು ದಪ್ಪ. ನಿಜವಾದ ಅಳತೆ ಇಂಚು ಅಲ್ಲ, ಚೀಲದ ಎಣಿಕೆ. ಅವರನ್ನು ಸಮಾಧಾನವಾಗಿ ಕಳಿಸಿದೆ.

ಎರಡನೆಯ ಸಲ ಬಂದ ಮೇಸ್ತ್ರಿ ವಯಸ್ಸಾದವರು. ಮಾತು ಕಮ್ಮಿ. ಏಣಿ ಹತ್ತಿ ಮೇಲೆ ಹೋದವರು ಇಪ್ಪತ್ತು ನಿಮಿಷ ಇಳಿಯಲೇ ಇಲ್ಲ. ಇಳಿದಾಗ ಅಂಗಿ ಹಿಂಡುವ ಹಾಗಿತ್ತು. "ಅಕ್ಕಾ, ಐವತ್ತೈದು ಚೀಲ ಬೇಕಾಗ್ತದೆ, ಹನ್ನೊಂದು ಕಿಲೋ ಚಿಲ್ಲರೆದು. ಆದ್ರೆ ನಾನು ಈಗ ಊದಲ್ಲ" ಅಂದರು. ಯಾಕೆ ಅಂದೆ. "ನಿಮ್ಮ ಸೀಲಿಂಗು ಜರಡಿ ಇದ್ದ ಹಾಗಿದೆ. ಜರಡಿ ಮೇಲೆ ಹತ್ತಿ ಹಾಸಿದ್ರೆ ಗಾಳಿ ನಿಲ್ತದಾ? ಮೊದ್ಲು ತೂತು ಮುಚ್ಚಿ. ಆಮೇಲೆ ಕರೀರಿ."

ಅವರೇ ಮುಚ್ಚಿಕೊಡಬಹುದಿತ್ತು, ಅದಕ್ಕೆ ಬೇರೆ ಕೂಲಿ. ನಾವೇ ಮಾಡೋಣ ಅಂತ ನಾನು ಹಟ ಹಿಡಿದೆ. ಇವರ ಮೈಗಾತ್ರಕ್ಕೆ ಆ ಮುಚ್ಚಳದ ಸಂದಿ ಒಗ್ಗುವುದಿಲ್ಲ. ಮಗನಿಗೆ ಧೂಳು ಆಗುವುದಿಲ್ಲ. ಹಾಗಾಗಿ ಅಟ್ಟ ನನ್ನ ಪಾಲಿಗೆ ಬಂತು.

ಬಿಸಿ ಊರಿನ ಅಟ್ಟದಲ್ಲಿ ಕೆಲಸ ಮಾಡುವುದಕ್ಕೆ ಒಂದೇ ಹೊತ್ತು, ಬೆಳಗಿನ ಜಾವ. ಐದೂವರೆಗೆ ಅಲ್ಲಿ 31 ಡಿಗ್ರಿ. ಎಂಟಕ್ಕೆ 37. ಒಂಬತ್ತೂವರೆಗೆ 42. ನಾನು ಐದೂವರೆಗೆ ಹತ್ತಿ ಎಂಟಕ್ಕೆ ಇಳಿದುಬಿಡುತ್ತಿದ್ದೆ. ತುಂಬು ತೋಳಿನ ಅಂಗಿ, ಕೈಗವಸು, ಎನ್-95 ಮಾಸ್ಕ್, ಕಣ್ಣಿಗೆ ಮುಚ್ಚಿದ ಕನ್ನಡಕ, ಹಣೆಗೆ ದೀಪ. ಹದಿನೈದು ನಿಮಿಷಕ್ಕೊಮ್ಮೆ ಕೆಳಗಿನಿಂದ ಇವರು "ಇದ್ದೀಯೇನೇ?" ಅಂತ ಕೂಗಬೇಕು, ನಾನು "ಇದ್ದೀನ್ರೀ" ಅನ್ನಬೇಕು. ತಮಾಷೆ ಅನ್ನಿಸಬಹುದು, ಆದರೆ ಬಿಸಿಗೆ ತಲೆ ಸುತ್ತಿ ಅಲ್ಲೇ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಲಿಡುವುದು ಜಂತಿಯ ಮೇಲೆ ಮಾತ್ರ. ಜಿಪ್ಸಂ ಹಲಗೆ ಆಳಿನ ಭಾರ ತಡೆಯುವುದಿಲ್ಲ. ಎರಡು ಗಟ್ಟಿ ಹಲಗೆ ತಂದು ಜಂತಿಯಿಂದ ಜಂತಿಗೆ ಹಾಕಿ, ಒಂದರ ಮೇಲೆ ಕೂತು ಇನ್ನೊಂದನ್ನು ಮುಂದೆ ಸರಿಸುತ್ತಾ ಹೋದೆ.

ಮೊದಲ ಮೂರು ಬೆಳಗು ಹಳೆ ಉಣ್ಣೆ ಚೀಲಕ್ಕೆ ತುಂಬುವುದರಲ್ಲೇ ಹೋಯಿತು. ಇಲಿ ಹಿಕ್ಕೆ ಇಲ್ಲದಿದ್ದರೆ ಅದರ ಮೇಲೇ ಊದಬಹುದಿತ್ತು, ತೆಗೆಯಬೇಕಾಗಿಯೇ ಇರಲಿಲ್ಲ. ಹಳೆ ಮನೆಯಲ್ಲಿರುವವರು ಇಲ್ಲಿ ಒಂದು ಜಾಗ್ರತೆ ಮಾಡಬೇಕು. ಅಟ್ಟದಲ್ಲಿ ಹೊಳೆಯುವ ಸಣ್ಣ ಹರಳಿನಂಥ ವರ್ಮಿಕ್ಯುಲೈಟ್ ಇದ್ದರೆ ಕೈಹಾಕಬಾರದು. ಅದರಲ್ಲಿ ಆಸ್ಬೆಸ್ಟಾಸ್ ಸೇರಿರುವ ಸಾಧ್ಯತೆ ಇದೆ, ಪರೀಕ್ಷೆ ಆಗುವವರೆಗೆ ಮುಟ್ಟದಿರುವುದೇ ಕ್ಷೇಮ.

ಉಣ್ಣೆ ಎತ್ತುತ್ತಿದ್ದಾಗ ಒಂದು ವಿಚಿತ್ರ ಕಂಡೆ. ಹಳದಿ ಪಟ್ಟಿಯ ಅಡಿಯಲ್ಲಿ ಅಲ್ಲಲ್ಲಿ ಮಸಿಯಂಥ ಕಪ್ಪು ಕಲೆ. ಬೂಸಲು ಅಂದುಕೊಂಡೆ. ಮುಟ್ಟಿದರೆ ಒಣ ಧೂಳು. ಒಂದೊಂದು ಕಲೆಯ ಕೆಳಗೂ ಒಂದೊಂದು ತೂತು! ವರ್ಷಗಟ್ಟಲೆ ಆ ತೂತಿನಿಂದ ಗಾಳಿ ಹಾದುಹೋಗಿ, ಉಣ್ಣೆ ಅದರ ಧೂಳು ಸೋಸಿ ಇಟ್ಟುಕೊಂಡಿತ್ತು. ಅಂದರೆ ಅದು ಇನ್ಸುಲೇಶನ್ ಆಗಿ ಅಲ್ಲ, ಫಿಲ್ಟರ್ ಆಗಿ ದುಡಿದಿತ್ತು. ಮೇಸ್ತ್ರಿ ಹೇಳಿದ ಜರಡಿ ಮಾತು ಆಗ ಸರಿಯಾಗಿ ಅರ್ಥವಾಯಿತು. ಆ ಕಪ್ಪು ಕಲೆಗಳೇ ನನಗೆ ನಕ್ಷೆಯಾದವು. ಪಟ್ಟಿ ಎತ್ತುತ್ತಿದ್ದಂತೆಯೇ ಕಲೆ ಇದ್ದ ಕಡೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ.

ಇನ್ನೊಂದು ಉಪಾಯ ಇವರದು. ನಾನು ಮೇಲೆ ಹಣೆಯ ದೀಪ ಆರಿಸಿ ಕತ್ತಲಲ್ಲಿ ಕೂತೆ. ಇವರು ಕೆಳಗೆ ಎಲ್ಲಾ ಕೋಣೆಯ ಲೈಟು ಹಾಕಿದರು. ಅಟ್ಟದ ನೆಲದಲ್ಲಿ ನಕ್ಷತ್ರ ಮೂಡಿದ ಹಾಗೆ ಬೆಳಕಿನ ಚುಕ್ಕಿ! ಫ್ಯಾನಿನ ಕೊಕ್ಕೆಯ ಸುತ್ತ, ವೈರು ಇಳಿದ ಕಡೆ, ಬಚ್ಚಲಿನ ಪೈಪು ಹಾದ ಕಡೆ. ಗೋಡೆಯ ಮೇಲಂಚಿಗೂ ಸೀಲಿಂಗಿಗೂ ನಡುವೆ ಉದ್ದಕ್ಕೂ ಒಂದು ಬೆಳಕಿನ ಗೆರೆ. ಅದನ್ನು ನೋಡಿ ಐದು ನಿಮಿಷ ಸುಮ್ನೆ ಕೂತುಬಿಟ್ಟೆ. ಚೆಂದವೂ ಇತ್ತು, ಹೊಟ್ಟೆ ಉರಿಯುವಂತೆಯೂ ಇತ್ತು. ಇಷ್ಟು ವರ್ಷ ದುಡ್ಡು ಕೊಟ್ಟು ತಂಪು ಮಾಡಿದ ಗಾಳಿಗೆ ಇಷ್ಟೊಂದು ಬಾಗಿಲು.

ಸಣ್ಣ ತೂತಿಗೆ ಸೀಲೆಂಟ್, ಬೆರಳು ಹೋಗುವಂಥದ್ದಕ್ಕೆ ಡಬ್ಬಿಯ ಫೋಮ್, ಕೈ ಹೋಗುವಂಥದ್ದಕ್ಕೆ ಹಲಗೆ ತುಂಡು ಇಟ್ಟು ಅಂಚಿಗೆ ಫೋಮ್. ಫೋಮ್ ಉಬ್ಬುತ್ತದೆ ಅಂತ ಗೊತ್ತಿದ್ದೂ ಮೊದಲ ದಿನ ಧಾರಾಳವಾಗಿ ಬಿಟ್ಟೆ. ಕೆಳಗೆ ಫ್ಯಾನಿನ ಕಪ್ಪಿನೊಳಗಿಂದ ಅದು ಹಳದಿ ನಾಲಿಗೆಯ ಹಾಗೆ ಇಳಿದು ನಿಂತಿತ್ತು. ಕೈಗೆ ಹತ್ತಿದ್ದು ಒಂದು ವಾರ ಹೋಗಲಿಲ್ಲ. ಹೊಗೆ ಕೊಳವೆ ಇರುವ ಮನೆಯವರು ಅದರ ಸುತ್ತ ಮಾತ್ರ ಫೋಮ್ ಬಳಸಬಾರದು. ಅಲ್ಲಿಗೆ ತಗಡು ಮತ್ತು ಬೆಂಕಿ ತಡೆಯುವ ಸೀಲೆಂಟೇ ಆಗಬೇಕು.

ಬಚ್ಚಲಿನ ಮೇಲೆ ಹೋದಾಗ ನಿಜವಾಗಿ ಸಿಟ್ಟು ಬಂತು. ಎಗ್ಸಾಸ್ಟ್ ಫ್ಯಾನಿನ ಕೊಳವೆ ಹೊರಗೆ ಹೋಗಿರಲೇ ಇಲ್ಲ. ಅಟ್ಟದಲ್ಲೇ ಬಾಯಿ ತೆರೆದು ಬಿದ್ದಿತ್ತು. ಇಷ್ಟು ವರ್ಷ ಸ್ನಾನದ ಹಬೆಯೆಲ್ಲ ಮಾಡಿನ ಮರಕ್ಕೆ! ಹತ್ತಿರದ ಪಕಾಸಿ ಕಪ್ಪಾಗಿತ್ತು, ಚಾಕುವಿನ ತುದಿಯಿಂದ ಒತ್ತಿ ನೋಡಿದೆ, ಪುಣ್ಯಕ್ಕೆ ಮರ ಗಟ್ಟಿಯಾಗಿತ್ತು. ಹಾಗೇ ಕಾಗದದ ಪುಡಿ ತುಂಬಿದ್ದರೆ ಒದ್ದೆ ಮುದ್ದೆಯಾಗುತ್ತಿತ್ತು. ಕೊಳವೆಯನ್ನು ಗೋಡೆಯಿಂದ ಹೊರಗೆ ಹಾಯಿಸಿದ ಮೇಲೇ ಮುಂದಿನ ಕೆಲಸ.

ದೀಪಗಳ ವಿಷಯಕ್ಕೆ ಎಲೆಕ್ಟ್ರಿಷಿಯನ್ ಬಂದರು. ಸೀಲಿಂಗಿನೊಳಗೆ ಹುದುಗಿಸಿದ ಹಳೆ ದೀಪಗಳು ಇನ್ಸುಲೇಶನ್ ತಾಗಬಾರದಂಥವು. ಅವುಗಳ ಸುತ್ತ ಕನಿಷ್ಠ ಮೂರು ಇಂಚು ಖಾಲಿ ಬಿಡಬೇಕು. ಆರು ದೀಪಕ್ಕೆ ಆರು ಗುಂಡಿ ಬಿಟ್ಟರೆ ಏನು ಬಂತು? ಅವನ್ನು ತೆಗೆಸಿ, ಇನ್ಸುಲೇಶನ್ ಮುಚ್ಚಿದರೂ ಆಗುವಂಥ, ಗಾಳಿ ಸೋರದ ಎಲ್‌ಇಡಿ ಹಾಕಿಸಿದೆವು. ಮುಚ್ಚಳವಿಲ್ಲದ ಜಂಕ್ಷನ್ ಬಾಕ್ಸ್ ಎರಡಿದ್ದವು, ಮುಚ್ಚಿಸಿದೆವು. ಎಸಿಯ ದಪ್ಪ ವೈರನ್ನು ಮೇಲೆತ್ತಿ ಕಟ್ಟಿದರು. ಹೊದಿಕೆಯೊಳಗೆ ಹೂತ ವೈರಿನ ಬಿಸಿ ಬೇಗ ಆರುವುದಿಲ್ಲ, ಅದು ಹೊರುವ ಕರೆಂಟು ತಗ್ಗುತ್ತದೆ ಅಂತ ವಿವರಿಸಿದರು. ಬಾಕ್ಸ್ ಇರುವ ಜಾಗಕ್ಕೆ ನೇರ ಮೇಲೆ ಮಾಡಿನ ಮರಕ್ಕೆ ಕೆಂಪು ಪಟ್ಟಿ ಅಂಟಿಸಿದೆ. ನಾಳೆ ಎಲ್ಲ ಹೂತುಹೋದ ಮೇಲೆ ಹುಡುಕುವುದು ಹೇಗೆ ಮತ್ತೆ?

ತೂತು ಮುಚ್ಚಿ ಆದ ಮೇಲೆ ಇವರಿಗೊಂದು ಯೋಚನೆ ಹೊಳೆಯಿತು. ಸೀಲಿಂಗಿನ ಮೇಲೆ ಪೂರಾ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಊದಿದರೆ ಧೂಳೂ ಬೀಳುವುದಿಲ್ಲ, ಗಾಳಿಯೂ ಬರುವುದಿಲ್ಲ ಅಂತ. ಮೇಸ್ತ್ರಿಗೆ ಫೋನ್ ಮಾಡಿ ಕೇಳಿದರು. "ಬ್ಯಾಡ ಸಾರ್" ಅಂದರಂತೆ. "ಹೊರಗಿನ ಸೆಕೆ ಗಾಳಿಯಲ್ಲಿ ನೀರಿರ್ತದೆ. ಕೆಳಗೆ ಎಸಿಯಿಂದ ಹಾಳೆ ತಣ್ಣಗಾಗಿರ್ತದೆ. ತಣ್ಣನೆ ಲೋಟದ ಹೊರಗೆ ಬೆವರು ಬರಲ್ವಾ? ಹಂಗೇ ಹಾಳೆ ಮೇಲೆ ನೀರು ಕೂರ್ತದೆ." ಚಳಿ ದೇಶದಲ್ಲಿ ಒಳಗಿನ ಕಡೆ ಹಾಳೆ ಹಾಕುವುದು ಸರಿ, ಅಲ್ಲಿ ತೇವ ಒಳಗಿನಿಂದ ಹೊರಗೆ ಹೋಗುತ್ತದೆ. ಎಸಿ ಓಡುವ ಬಿಸಿ, ತೇವದ ಊರಿನಲ್ಲಿ ದಿಕ್ಕೇ ತಿರುಗುಮುರುಗು.

ಸೂರಿನ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಸೂರಿನ ಕೆಳಗಿನ ಕಿಂಡಿಯಿಂದ ಗಾಳಿ ಬಂದು ಮಾಡಿನ ನೆತ್ತಿಯಿಂದ ಹೊರಗೆ ಹೋಗಬೇಕು. ಊದಿದ ಪುಡಿ ಆ ಕಿಂಡಿಗೆ ತುಂಬಿದರೆ ಅಟ್ಟದ ಉಸಿರು ಕಟ್ಟುತ್ತದೆ. ಅದಕ್ಕೆ ಎರಡೆರಡು ಪಕಾಸಿಯ ನಡುವೆ ಪುಡಿ ತಡೆಯುವ ಒಂದೊಂದು ತೆಳು ತಟ್ಟೆ ಬಡಿದು, ಮಾಡಿಗೆ ತಾಗಿದ ಹಾಗೆ ಎರಡು ಇಂಚಿನ ಗಾಳಿ ದಾರಿ ಉಳಿಸಬೇಕು. ಹೊಟ್ಟೆಯ ಮೇಲೆ ತೆವಳಿ, ಮೊಳೆಗಳ ಚೂಪು ತಲೆಗೆ ತಾಗುತ್ತಾ, ಮೂವತ್ತೆರಡು ತಟ್ಟೆ. ಅಲ್ಲಿ ಜಾಗವೇ ಇರದೆ ಇನ್ಸುಲೇಶನ್ ನಾಲ್ಕೈದು ಇಂಚಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಅದಕ್ಕೆ ಮಾಡುವುದೇನೂ ಇಲ್ಲ.

ಮುಚ್ಚಳದ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಮರೆಯುವುದು ಅದನ್ನೇ. ನಮ್ಮದು ಎರಡಡಿಗೆ ಎರಡೂವರೆ ಅಡಿ. ಒಟ್ಟು ಸೀಲಿಂಗಿನ 200ರಲ್ಲಿ ಒಂದು ಪಾಲು. ಯಾರು ಲೆಕ್ಕಕ್ಕಿಡುತ್ತಾರೆ? ನಾನು ಇಟ್ಟೆ. ಅದೊಂದು ಬರೀ ಹಲಗೆಯಾಗಿ ಉಳಿದರೆ ಅದರಿಂದಲೇ 31 ವಾಟ್ ಇಳಿಯುತ್ತದೆ. ಇಡೀ ಸೀಲಿಂಗಿನಿಂದ 375 ಅಂತ ಹೇಳಿದೆನಲ್ಲ, ಅದರ ಹನ್ನೆರಡರಲ್ಲಿ ಒಂದು ಪಾಲು! ಇದೇ ಲೆಕ್ಕವನ್ನು ಮುಂದುವರಿಸಿದರೆ ಇನ್ನೂ ಗಾಬರಿ. ಸೀಲಿಂಗಿನ ನೂರಕ್ಕೆ ಐದು ಪಾಲು ಖಾಲಿ ಬಿಟ್ಟರೆ, ಆ ಐದರಿಂದ ಇಳಿಯುವ ಶಾಖ ಉಳಿದ ತೊಂಬತ್ತೈದರಿಂದ ಇಳಿಯುವುದಕ್ಕೆ ಹತ್ತಿರ ಹತ್ತಿರ ಸಮ. ಹನ್ನೆರಡು ಇಂಚನ್ನು ಹದಿನಾರು ಮಾಡುವ ಖರ್ಚಿನಲ್ಲಿ ಆ ಸಂದುಗಳನ್ನು ಹುಡುಕಿದರೆ ಎಷ್ಟೋ ಮೇಲು. ಮುಚ್ಚಳದ ಮೇಲೆ ನಾಲ್ಕು ಇಂಚಿನ ಫೋಮ್ ಹಲಗೆ ಅಂಟಿಸಿದೆ, ಅಂಚಿಗೆ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿ, ಬಿಗಿಯಾಗಿ ಕೂರುವ ಹಾಗೆ ಎರಡು ಚಿಲಕ. ಪುಡಿ ಕೆಳಗೆ ಸುರಿಯದ ಹಾಗೆ ಬಾಯಿಯ ಸುತ್ತ ಹದಿನಾಲ್ಕು ಇಂಚಿನ ಪ್ಲೈವುಡ್ ಕಟ್ಟೆ.

ಹೀಗೆ ಹನ್ನೊಂದು ಬೆಳಗು ಕಳೆದವು. ಊದುವ ಕೆಲಸ? ಮೂರು ಗಂಟೆ.

ಅವತ್ತು ಆರಕ್ಕೇ ವ್ಯಾನ್ ಬಂತು. ಮಷೀನು ದೊಡ್ಡ ಡ್ರಮ್ಮಿನಂಥದ್ದು, ಒಳಗೆ ತಿರುಗುವ ಹಲ್ಲು. ಅಲ್ಲಿಂದ ಮೂರು ಇಂಚಿನ ಸುಕ್ಕು ಪೈಪು ಕಿಟಕಿಯಿಂದ ಹಜಾರಕ್ಕೆ, ಹಜಾರದಿಂದ ಅಟ್ಟಕ್ಕೆ. ಒಬ್ಬ ಹುಡುಗ ಚೀಲ ಬಿಚ್ಚಿ, ಹೆಂಟೆ ಒಡೆದು ಹಾಕುತ್ತಿದ್ದ. ಮೇಸ್ತ್ರಿ ಮೇಲೆ ಪೈಪು ಹಿಡಿದರು. ಅದಕ್ಕೂ ಮುಂಚೆ ಅಲ್ಲಲ್ಲಿ ಜಂತಿಗೆ ಇಂಚು ಬರೆದ ಕಾಗದದ ಸ್ಕೇಲು ಹೊಡೆದಿದ್ದರು, ಒಟ್ಟು ನಾಲ್ಕು. ಅಂಕಿಗಳ ಮುಖ ಮುಚ್ಚಳದ ಕಡೆಗೆ, ಬಾಯಿಂದಲೇ ಟಾರ್ಚ್ ಹಾಕಿ ಓದುವ ಹಾಗೆ. ದೂರದ ಮೂಲೆಯಿಂದ ಶುರು ಮಾಡಿ ಹಿಂದೆ ಹಿಂದೆ ಬರಬೇಕು, ಇಲ್ಲದಿದ್ದರೆ ತುಳಿದುಕೊಂಡೇ ಬರಬೇಕಾಗುತ್ತದೆ.

ನಾನು ಏಣಿಯ ಮೇಲೆ ನಿಂತು ನೋಡುತ್ತಿದ್ದೆ. ಪೈಪಿನ ಬಾಯಿಂದ ಬೂದು ಬಣ್ಣದ ಚೂರುಗಳು ಹಾರಿ ಮೆಲ್ಲಗೆ ಕೂರುತ್ತಿದ್ದವು. ಹತ್ತಿರದಲ್ಲಿ ಬಿದ್ದ ಒಂದು ಚೂರು ಎತ್ತಿಕೊಂಡೆ. ಉಗುರಿನಷ್ಟು ಕಾಗದ, ಅದರ ಮೇಲೆ ಅಚ್ಚಿನ ಅರ್ಧ ಅಕ್ಷರ. ಯಾವ ಸುದ್ದಿಯದ್ದೋ. ಮಷೀನಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಟಾರ್ಚ್ ಎರಡು ಸಲ ಮಿನುಗಿಸಿದರೆ ನಿಲ್ಲಿಸು ಅಂತ ಅರ್ಥ. ಒಮ್ಮೆ ಹುಡುಗ ಹೆಂಟೆ ಒಡೆಯದೆ ಹಾಕಿ ಪೈಪು ಕಟ್ಟಿಕೊಂಡಿತು. ಮೇಸ್ತ್ರಿ ಬೈದರು, ಪೈಪಿಗೆ ಕೋಲಿನಿಂದ ತಟ್ಟುತ್ತಾ ಹೋಗಿ ಗಂಟು ಬಿಡಿಸಿದರು.

ಖಾಲಿ ಚೀಲ ಎಣಿಸುವ ಕೆಲಸ ಇವರದು. ಗೇಟಿನ ಹತ್ತಿರ ಹತ್ತು ಹತ್ತರ ಕಟ್ಟು ಮಾಡಿ ಇಡುತ್ತಿದ್ದರು. ಮೂವತ್ತೆಂಟನೆಯ ಚೀಲ ಹೋಗುತ್ತಿರುವಾಗ ಒಳಗಿನಿಂದ ಮಗನ ಕೂಗು. ಓಡಿ ಹೋದೆ. ಬಚ್ಚಲಿನ ನೆಲದ ಮೇಲೆ ಬೂದು ಪುಡಿಯ ಗುಡ್ಡೆ, ಮೇಲಿನಿಂದ ಇನ್ನೂ ಉದುರುತ್ತಿದೆ. ಎಗ್ಸಾಸ್ಟ್ ಫ್ಯಾನಿನ ಡಬ್ಬಿಗೂ ಸೀಲಿಂಗಿಗೂ ನಡುವೆ ಒಂದು ಸಂದು. ಕೊಳವೆಯ ಸಿಟ್ಟಿನಲ್ಲಿ ನಾನು ಡಬ್ಬಿಯ ಅಂಚು ಮುಚ್ಚುವುದನ್ನೇ ಮರೆತಿದ್ದೆ! ಮಷೀನು ನಿಲ್ಲಿಸಿ, ಕೆಳಗಿನಿಂದಲೇ ಗ್ರಿಲ್ ಬಿಚ್ಚಿ ಸೀಲೆಂಟ್ ಬಳಿದೆ. ಮೇಸ್ತ್ರಿ ಮೇಲಿನಿಂದ ಇಣುಕಿ, "ಒಂದೇನಾ ಬಿಟ್ಟಿದ್ದು? ಪರವಾಗಿಲ್ಲ ಅಕ್ಕಾ" ಅಂದು ನಕ್ಕರು. ಮೊದಲ ಸಲ ನಕ್ಕಿದ್ದು ಅವರು.

ಒಟ್ಟು ಐವತ್ತಾರು ಚೀಲ. ನಾಲ್ಕೂ ಸ್ಕೇಲು ಹನ್ನೆರಡರ ಆಸುಪಾಸು. ದಿನಾಂಕ, ಚೀಲದ ಎಣಿಕೆ, ದಪ್ಪ ಬರೆದ ಒಂದು ಚೀಟಿಯನ್ನು ಮುಚ್ಚಳದ ಹತ್ತಿರ ಅಂಟಿಸಿ ಹೋದರು.

ಈಗ ಎಲ್ಲರೂ ಕೇಳುವ ಪ್ರಶ್ನೆ, ತಂಪಾಯಿತಾ? ತಂಪು ಅನ್ನುವುದು ಸರಿಯಾದ ಮಾತಲ್ಲ. ಇನ್ಸುಲೇಶನ್ ತಂಪು ಮಾಡುವುದಿಲ್ಲ, ಬಿಸಿಯನ್ನು ತಡೆಯುತ್ತದೆ ಅಷ್ಟೇ. ಮರುದಿನ ನಾಲ್ಕಕ್ಕೆ ಮಗ ಮತ್ತೆ ಪಿಸ್ತೂಲು ಹಿಡಿದ. ಸೀಲಿಂಗ್ 31, ಗೋಡೆ 30. ಮೂಲೆಯಲ್ಲಿ 40 ಇದ್ದದ್ದೂ 31. ಅಟ್ಟದಲ್ಲಿ ಅದೇ 56. ಹೊದಿಕೆ ಹಾಕಿದ ಮೇಲೆ ಅಟ್ಟವೇ ತಣ್ಣಗಾಗುತ್ತದೆ ಅಂತ ಇವರು ಅಂದುಕೊಂಡಿದ್ದರು. ಅಟ್ಟ ಬಿಸಿಯಾಗಿಯೇ ಇರುತ್ತದೆ, ಆ ಬಿಸಿ ಅಲ್ಲೇ ಇರುತ್ತದೆ. ಎಸಿ ಈಗ ಸಂಜೆ ಹೊತ್ತು ಕಟ್ ಆಗಿ ನಿಲ್ಲುತ್ತದೆ. ಆ ಕಟ್ ಅನ್ನುವ ಸದ್ದು ನಮಗೆ ಹೊಸದು. ಮೊದಲ ದಿನ ಕೆಟ್ಟಿತೇನೋ ಅಂತ ಇವರು ಎದ್ದು ಹೋಗಿ ನೋಡಿದ್ದರು.

ಒಂದು ಹೊಸ ತಕರಾರೂ ಶುರುವಾಯಿತು. ಸೀಲಿಂಗಿನ ಝಳ ಹೋದ ಮೇಲೆ ಪಡುವಣ ಕಿಟಕಿಯ ಝಳ ಗೊತ್ತಾಗತೊಡಗಿತು. ಮೊದಲೂ ಇತ್ತು, ದೊಡ್ಡ ಗದ್ದಲದಲ್ಲಿ ಸಣ್ಣ ಗದ್ದಲ ಕೇಳಿರಲಿಲ್ಲ. ಇನ್ನೊಂದು, ಹೊರಗೆ ತಣ್ಣಗಾದ ರಾತ್ರಿ ಕಿಟಕಿ ತೆರೆಯದೆ ಮಲಗಿದರೆ ಒಳಗಿನ ಬಿಸಿಯೂ ಮೇಲಿನಿಂದ ಹೊರಗೆ ಹೋಗುವುದಿಲ್ಲ. ಹೊದಿಕೆಗೆ ಒಳಗೆ ಯಾವುದು ಹೊರಗೆ ಯಾವುದು ಗೊತ್ತಾಗುವುದಿಲ್ಲವಲ್ಲ. ಹತ್ತು ಗಂಟೆಗೆ ಕಿಟಕಿ ತೆರೆಯುವುದು, ಬೆಳಿಗ್ಗೆ ಏಳಕ್ಕೆ ಮುಚ್ಚುವುದು ಈಗ ನನ್ನ ಅಭ್ಯಾಸ.

ವರ್ಷದ ಮೇಲೆ ಮೊನ್ನೆ ಮುಚ್ಚಳ ತೆಗೆದು ಸ್ಕೇಲು ನೋಡಿದೆ. ಮೂರರಲ್ಲಿ ಹನ್ನೊಂದು ಇಂಚಿಗೆ ಒಂದು ಗೆರೆ ಮೇಲೆ. ಮೇಸ್ತ್ರಿ ಹೇಳಿದಷ್ಟೇ ಕೂತಿತ್ತು. ನಾಲ್ಕನೆಯ ಸ್ಕೇಲಿನ ಹತ್ತಿರ ಟಾರ್ಚ್ ಹಾಕಿದರೆ, ಬೂದು ಹೊದಿಕೆಯ ಮೇಲೆ ಸಾಲಾಗಿ ಹೆಜ್ಜೆ ಗುರುತು. ಎಡ, ಬಲ, ಎಡ, ಬಲ. ಇಂಟರ್‌ನೆಟ್ ಕೇಬಲ್ ಎಳೆಯಲು ಬಂದ ಹುಡುಗ, ನಾನು ಮನೆಯಲ್ಲಿಲ್ಲದ ದಿನ. ಪುಣ್ಯಾತ್ಮ ಜಂತಿಯ ಮೇಲೇ ಕಾಲಿಟ್ಟಿದ್ದಾನೆ, ಸೀಲಿಂಗ್ ಉಳಿದಿದೆ. ಹೆಜ್ಜೆ ಇಟ್ಟ ಕಡೆಯೆಲ್ಲ ನಾಲ್ಕು ಇಂಚಿಗೆ ಒತ್ತಿಹೋಗಿತ್ತು. ಮಾಸ್ಕ್ ಹಾಕಿ, ಉದ್ದ ಹಿಡಿಕೆಯ ಪೊರಕೆ ತಿರುಗಿಸಿ ಹಿಡಿದು, ಒಂದೊಂದೇ ಹೆಜ್ಜೆಯನ್ನು ಕೆದಕಿ ಉಬ್ಬಿಸುತ್ತಾ ಹೋದೆ. ಕೆಳಗಿನಿಂದ "ಇದ್ದೀಯೇನೇ?" ಅಂತ ಕೂಗು ಬಂತು.